ಎರಡೂ ಕಡೆ ಎಡಕ್ಕೆ

ತೀರಿಹೋದ ಗಂಡನ ಹಳೆಯ ಫ್ರೆಂಚ್ ಸೈಕಲ್ಲಿನ ಫ್ರೇಮನ್ನೂ ಬಿಡಿಭಾಗಗಳನ್ನೂ ಮಾರಲು ಇಟ್ಟಿದ್ದೆ. ಗಾಜುವಾಕದ ನಮ್ಮ ಮನೆಗೆ ಬಂದವರೆಲ್ಲ ಅದನ್ನು ಹೋಟೆಲಿನ ಗೋಡೆಗೆ ತೂಗುಹಾಕುವವರೇ. ಕೊಡಲಿಲ್ಲ.

ಆಮೇಲೆ ವಿಜಯವಾಡದಿಂದ ಒಬ್ಬ ಮೆಕ್ಯಾನಿಕ್ ಬಂದರು. ಒಳಗೆ ಸವೆದಿದೆಯೇ ನೋಡಲೆಂದು, ಪೆಡಲ್ ಅಚ್ಚನ್ನು ಫ್ರೇಮಿನಲ್ಲಿ ಹಿಡಿದಿಡುವ ಬಲಗಡೆಯ ತಿರುಪಿನ ಕಪ್ ಬಿಚ್ಚಲು, ಬೇರೆ ಸೈಕಲ್ಲುಗಳಿಗೆ ಮಾಡುವಂತೆ, ಸ್ಪ್ಯಾನರನ್ನು ಬಲಕ್ಕೆ ತಿರುಗಿಸತೊಡಗಿದರು.

"ಬೇಡ, ಇನ್ನೂ ಬಿಗಿಯಾಗುತ್ತೆ. ಇದಕ್ಕೆ ಎರಡೂ ಕಡೆ ಎಡಕ್ಕೇ ತಿರುಗಿಸಬೇಕು," ಎಂದೆ.

ಎಡಕ್ಕೆ ತಿರುಗಿಸಿದರು. ಸಡಿಲವಾಯಿತು.

"ಮೇಡಂಗಾರು, ನನಗೇ ಗೊತ್ತಿರಲಿಲ್ಲ! ನಿಮಗೆ ಯಾರು ಕಲಿಸಿದ್ದು?"

"ನನ್ನವರು ಬಿಚ್ಚುವಾಗ ಫ್ರೇಮ್ ಹಿಡಿದುಕೊಳ್ಳುವ ಕೆಲಸ ನನ್ನದು. ಗೋಡೆಗೆ ಹಾಕ್ತೀರಾ?"

"ಗೋಡೆಗಾ? ನಾನೇ ಓಡಿಸೋದಂಡಿ!"

ಕೊಟ್ಟೆ.

ತಿಂಗಳ ಮೇಲೆ ಫೋಟೊ ಕಳಿಸಿದರು. ಹ್ಯಾಂಡಲ್ಲಿಗೆ ಬೆಂಡೆಕಾಯಿ ಚೀಲ ನೇತಾಡುತ್ತಿತ್ತು. ನನ್ನವರು ಇದ್ದಿದ್ದರೆ ರೇಗುತ್ತಿದ್ದರು. ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. ಬೆಂಡೆಕಾಯಿ ಎಳೆಯದೇ ಇತ್ತು.