ಹಂದನಕೆರೆಯ ಕನ್ವರ್ಟಿಬಲ್

ಯಶವಂತಪುರದಲ್ಲಿ ರೈಲು ಹತ್ತಿದಾಗ ಇನ್ನೂ ಮಂಜು ಕರಗಿರಲಿಲ್ಲ. ಜನವರಿಯ ಕೊನೆ. ಸ್ವೆಟರಿನ ಮೇಲೆ ಶಾಲು ಹೊದ್ದು ಕಿಟಕಿ ಪಕ್ಕ ಕೂತೆ. ತಿಪಟೂರಿಗೆ ಸುಮಾರು ನೂರಮೂವತ್ತು ಕಿಲೋಮೀಟರು, ನೂರು ರೂಪಾಯಿಯೊಳಗಿನ ಟಿಕೆಟ್ಟು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಒಬ್ಬಳೇ ಹೊರಟಿದ್ದಕ್ಕೆ ಮಗಳು ಫೋನಿನಲ್ಲಿ "ಅಮ್ಮಾ, ಆರ್ ಯು ಶೂರ್?" ಎಂದು ಮೂರು ಸಲ ಕೇಳಿದ್ದಳು. ಶೂರ್ ಆಗಿಯೇ ಇದ್ದೆ. ಹ್ಯಾಂಡ್‌ಬ್ಯಾಗಿನಲ್ಲಿ ನನ್ನ ಗಂಡನ ಕೈಬರಹದ, ಕಾರು ರಿಪೇರಿಯ ವಿವರ ಬರೆಯುವ ಒಂದು ಜಾಬ್ ಕಾರ್ಡು ಇತ್ತು.

ನನ್ನ ಗಂಡ ಪ್ರಭಾಕರ ಬೆಂಗಳೂರಿನ ಒಂದು ವಿದೇಶಿ ಕಾರಿನ ಷೋರೂಮಿನಲ್ಲಿ ಸರ್ವಿಸ್ ಮ್ಯಾನೇಜರ್ ಆಗಿದ್ದವರು. ಹೋದ ವರ್ಷ ತೀರಿಕೊಂಡರು. ಕಂಪನಿಯ ಹೆಸರು ಇಲ್ಲಿ ಬೇಡ, ಅವರು ಈಗಲೂ ಕಾರು ಮಾಡುತ್ತಿದ್ದಾರೆ. ನಾನು ಕಾನ್ವೆಂಟಿನಲ್ಲಿ ಓದುವಾಗ ಆ ಕಾರು ಗೇಟಿನ ಮುಂದೆ ಬಂದು ನಿಂತರೆ ನಮ್ಮ ಸಿಸ್ಟರುಗಳು ಕೂಡ ಕಿಟಕಿಗೆ ಬರುತ್ತಿದ್ದರು. ಆಮೇಲೆ ಕಂಪನಿ ಕೈ ಬದಲಾಯಿತು, ಬೇರೆ ದೇಶದವರು ಕೊಂಡರು. "ಹೆಸರು ಮಾತ್ರ ಹಳೇದು, ಸರಕು ಬೇರೆ" ಎಂದು ಜನ ಮೂಗು ಮುರಿಯತೊಡಗಿದರು. ಪ್ರಭಾಕರ ಒಪ್ಪುತ್ತಿರಲಿಲ್ಲ. "ನಿರ್ಮಲಾ, ಯಜಮಾನ ಬದಲಾಗಿರಬಹುದು, ಬೋಲ್ಟು ಬಿಗಿ ಮಾಡೋನ ಕೈ ಬದಲಾಗಿಲ್ಲ ಕಣೇ" ಎನ್ನುತ್ತಿದ್ದರು.

ಆ ಮಾತನ್ನು ನಂಬಿ ಹದಿನಾಲ್ಕು ವರ್ಷದ ಹಿಂದೆ ಕಾರು ಕೊಂಡವರು ಹಂದನಕೆರೆ ಬಳಿಯ ಗಂಗಾಧರಯ್ಯ. ಓದುವಾಗ ತುಮಕೂರಿನಲ್ಲಿ ಅವರೂ ಪ್ರಭಾಕರರೂ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದವರು. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ, ಒಬ್ಬಳೇ ಮಗಳು. ಅವಳ ಮದುವೆ ಮೆರವಣಿಗೆಗೆಂದೇ ಬಟ್ಟೆಯ ಟಾಪು ಮಡಿಸಿ ತೆರೆಯುವ ಕನ್ವರ್ಟಿಬಲ್ ಕೊಂಡರು. ತುರುವೇಕೆರೆಯ ಕಲ್ಯಾಣ ಮಂಟಪದ ಮುಂದೆ, ಬೀಗರೆಲ್ಲ ಸಾಲಾಗಿ ನಿಂತಿರುವಾಗ, ಹನಿ ಮಳೆ ಶುರುವಾಯಿತು. ಟಾಪು ಮುಚ್ಚಲು ಹೋದರೆ ಅರ್ಧಕ್ಕೆ ಬಂದು ನಿಂತಿತು. ಹಿಂದೆಯೇ ಇಂಜಿನ್ನೂ ನಿಂತಿತು. ಹೆಣ್ಣು ಗಂಡು ತೊಯ್ದು ತೊಪ್ಪೆಯಾದರು. ಮದುವೆಗೆ ಬಂದಿದ್ದ ಪ್ರಭಾಕರ ಅಲ್ಲೇ ಬಾನೆಟ್ ಎತ್ತಿ ನೋಡಿ, "ಕಂಪನಿ ತಪ್ಪು, ಫ್ಯಾಕ್ಟರಿ ಡಿಫೆಕ್ಟು" ಎಂದರಂತೆ. ಗಂಗಾಧರಯ್ಯ ಇಡೀ ಮಂಟಪಕ್ಕೆ ಕೇಳುವಂತೆ ಬೈದರಂತೆ. ಅಂದು ನಾನು ಜ್ವರ ಬಂದು ಮನೆಯಲ್ಲೇ ಇದ್ದೆ. ಹಿಂದಿರುಗಿದ ಪ್ರಭಾಕರ "ಆ ಸ್ನೇಹ ಮುಗೀತು" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಗಂಗಾಧರಯ್ಯ ಸಾವಿಗೂ ಬರಲಿಲ್ಲ.

ಈಗ ಬೀರು ಖಾಲಿ ಮಾಡುವಾಗ ಸಿಕ್ಕಿದ ಕಾರ್ಡಿನಲ್ಲಿ ಬೇರೆಯೇ ಕಥೆ ಇತ್ತು. ಟಾಪಿನ ಬಟ್ಟೆಗೆ, ರಬ್ಬರಿಗೆ, ಸೀಟಿಗೆ ಕೊಬ್ಬರಿ ಎಣ್ಣೆ ಸವರಿದೆ. ಕಾರು ಕೊಬ್ಬರಿ ಅಟ್ಟದ ಕೆಳಗೆ ನಿಂತಿತ್ತು. ಇಲಿಗಳು ಎಣ್ಣೆಯ ವಾಸನೆಗೆ ಇಳಿದು ವೈರುಗಳನ್ನೂ ತಿಂದಿವೆ. ಸವರಿದ್ದು ಓನರಿನ ಹೆಂಡತಿ. ಕಡೆಯ ಸಾಲು ಹೀಗಿತ್ತು: ಓನರಿಗೆ ಫ್ಯಾಕ್ಟರಿ ತಪ್ಪು ಎಂದು ಹೇಳಿದ್ದೇನೆ, ರಿಪೇರಿ ನನ್ನ ಲೆಕ್ಕಕ್ಕೆ.

ಗುಬ್ಬಿಯಲ್ಲಿ ಹತ್ತಿದ ಕೊಬ್ಬರಿ ವ್ಯಾಪಾರಿಯೊಬ್ಬರು ಎದುರು ಕೂತರು. ಹಣೆಯಲ್ಲಿ ವಿಭೂತಿ, ಕಾಲಡಿ ಚೀಲ. ಮಾತಿಗೆ ಮಾತು ಬಂದು ಆ ಕಂಪನಿಯ ಹೆಸರು ತೆಗೆದೆ.

"ಅಯ್ಯೋ ಬುಡಿ ತಾಯಿ" ಎಂದರು. "ದೊಡ್ಡೋರ ಕಾರು ಅನ್ನಿಸ್ಕಂಡಿತ್ತು ಒಂದು ಕಾಲ್ದಲ್ಲಿ. ಹಂದನಕೆರೆ ಕಡೆಯೋರೊಬ್ರು ಮಗಳ ಮದ್ವೇಲಿ ಅದ್ನ ತಂದು ಮಾನ ಕಳ್ಕಂಡ್ರು. ಆಗ್ಲಿಂದ ನಮ್ಮ ಮೂರು ತಾಲ್ಲೂಕಲ್ಲಿ ಯಾರೂ ಅದ್ರ ತಂಟೆಗೇ ಹೋಗಲ್ಲ."

"ನೀವು ಕಣ್ಣಾರೆ ನೋಡಿದಿರಾ?"

"ನಾನ್ಯಾಕೆ ನೋಡ್ಲಿ? ಎಲ್ರೂ ಹೇಳ್ತಾರಲ್ಲ."

ಕಾಲಡಿಯ ಚೀಲ ತಟ್ಟಿ ಅವರೇ ಮತ್ತೆ ಶುರು ಮಾಡಿದರು. "ಹೆಸ್ರು ಅನ್ನೋದೇ ಅಂಗೆ ಕಣಮ್ಮ. ಎಲ್ಲೆಲ್ಲಿಯದೋ ಕೊಬ್ರಿ ತುಂಬಿ ಚೀಲದ ಮೇಲೆ ತಿಪಟೂರು ಅಂತ ಬರ್ಕಂತಾರೆ, ನಡೀತದೆ. ನಮ್ಮೋರೇ ಒಬ್ರು ಒಂದು ಲೋಡು ಹಸಿ ಕೊಬ್ರಿ ಕಳಿಸ್ಲಿ, ಊರಿಗೂರೇ ಕೆಟ್ಟೋರಾಗ್ತೀವಿ."

ತಿಪಟೂರಿನಲ್ಲಿ ಇಳಿದು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆ. ಚಟ್ನಿಯಲ್ಲಿ ಕಾಯಿಗೆ ಜಿಪುಣತನವಿರಲಿಲ್ಲ. ನೊಣವಿನಕೆರೆ ಮೇಲೆ ತುರುವೇಕೆರೆಗೆ ಹೋಗುವ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದೆ. ಎರಡೂ ಕಡೆ ತೋಟಗಳು. ಬಿಸಿಲು ಗರಿಗಳ ಸಂದಿನಿಂದ ಬಂದು ಪಕ್ಕದವಳ ಸೀರೆಯ ಮೇಲೆ ಅಲುಗಾಡುತ್ತಿತ್ತು. ತೆರೆದ ಕಾರಿನಲ್ಲಿ ಈ ಮರಗಳ ಕೆಳಗೆ ಹೋಗಲು ಯಾರಿಗಾದರೂ ಧೈರ್ಯ ಹೇಗೆ ಬಂತೋ ಎನ್ನಿಸಿತು.

ತುರುವೇಕೆರೆಗೆ ಹೋಗಿದ್ದು ಮೆಕ್ಯಾನಿಕ್ ಅನ್ವರ್ ಸಾಬರನ್ನು ನೋಡಲು. ಮದುವೆಯ ದಿನ ಪ್ರಭಾಕರರಿಗೆ ಟಾರ್ಚು ಹಿಡಿದವರು ಅವರೇ ಎಂದು ಕಾರ್ಡಿನಲ್ಲಿತ್ತು. ಪತ್ತೆ ಹಚ್ಚುವುದು ಕಷ್ಟವಾಗಲಿಲ್ಲ. ಬಿಳಿ ಗಡ್ಡ, ಗ್ರೀಸು ಮೆತ್ತಿದ ಕೈ. ಕಾರ್ಡು ಕೊಟ್ಟರೆ ಕೈಯಲ್ಲಿ ಮುಟ್ಟದೆ, ನಾನು ಹಿಡಿದಂತೆಯೇ ಬಗ್ಗಿ ನೋಡಿದರು.

"ನಿಜಾನೇ ಅಮ್ಮಾ. ಟಾಪಿನ ಮಡಿಕೆ ಒಳಗೆ ಇಲಿಮರಿ ಸಿಕ್ತು, ನಾಲ್ಕು. ಗಂಗಾಧರಯ್ಯನೋರು ಯಾವನ್ಲಾ ಮಾಡ್ದೋನು ಅಂತ ಕೂಗ್ತಾ ಬಂದ್ರು. ಅವರ ಮನೆಯಮ್ಮ ಹಿಂದೆ ನಿಂತಿದ್ರು. ಅವರ ಮುಖ ನೋಡಬೇಕಿತ್ತು ನೀವು. ನಿಮ್ಮ ಸಾಹೇಬ್ರು ಮರಿಗಳನ್ನ ನನ್ನ ಜೇಬಿಗೆ ಹಾಕಿ, ಕಂಪನಿ ತಪ್ಪು ಅಂದ್ಬಿಟ್ರು."

"ನಿಮ್ಮ ಜೇಬಿಗೆ?"

"ಹ್ಞೂಂ ಮತ್ತೆ! ಯಾರಿಗೂ ಹೇಳಬೇಡ ಅಂದಿದ್ರು, ಹೇಳ್ಲಿಲ್ಲ. ಆ ಕಾರು ಈಗ್ಲೂ ಓಡ್ತದೆ, ವರ್ಷಕ್ಕೊಂದು ಸಲ ನಾನೇ ಸರ್ವಿಸ್ ಮಾಡ್ತೀನಿ. ಜನ ಏನಂತಾರೆ ಗೊತ್ತಾ? ಅದರೊಳಗೆ ಅನ್ವರ್ ಸಾಬಿ ಬೇರೆ ಇಂಜಿನ್ ಕೂರಿಸವ್ನೆ, ಅದಕ್ಕೇ ಓಡೋದು ಅಂತಾರೆ." ನಗುತ್ತಾ ಟೀ ತರಿಸಿದರು. "ಎಂಥಾ ಇಂಜಿನ್ ಅಮ್ಮಾ ಅದು! ನನ್ನಂಥೋನ ಕೈಲಿ ಅದನ್ನ ಮಾಡೋಕಾಗುತ್ತಾ?"

ಆ ರಾತ್ರಿ ತಿಪಟೂರಿನ ಲಾಡ್ಜಿನಲ್ಲಿ ತಂಗಿದೆ. ಬಿಸಿನೀರು ಬಕೆಟ್ಟಿನಲ್ಲಿ ಬಂತು, ಹಾಸಿಗೆ ಕ್ಲೀನ್ ಇತ್ತು. ಸಾಕ್ಷಿ ಸಿಕ್ಕಿದ ಖುಷಿಗಿಂತ ಕೋಪವೇ ಹೆಚ್ಚಾಗಿತ್ತು. ಆ ಮದುವೆಯಾದ ಮೇಲೆ ಈ ಕಡೆಯ ಗಿರಾಕಿಗಳು ಒಬ್ಬೊಬ್ಬರೇ ಕೈಬಿಟ್ಟರು. ಷೋರೂಮಿನಲ್ಲಿ ಪ್ರಭಾಕರರ ಮಾತಿಗೆ ತೂಕ ಕಡಿಮೆಯಾಯಿತು. ಕಾಂಟ್ರಾಕ್ಟು ಮುಗಿಯಲು ಇನ್ನೂ ಎರಡು ವರ್ಷ ಇರುವಾಗಲೇ ಕೆಲಸ ಬಿಟ್ಟು ಬಂದು ಗುಲಾಬಿ ಗಿಡಗಳಿಗೆ ನೀರು ಹಾಕುತ್ತಾ ಕೂತರು. ಯಾರದೋ ಹೆಂಡತಿಯ ಮುಖ ಉಳಿಸಲು ತಮ್ಮ ಹೆಸರು ಕೊಟ್ಟರು, ನನಗೊಂದು ಮಾತು ಹೇಳಲಿಲ್ಲ. ವೆರಿ ನೋಬಲ್, ಸರಿ. ಆದರೆ ಆ ಹೆಸರು ನನ್ನದೂ ಆಗಿತ್ತಲ್ಲ!

ಬೆಳಿಗ್ಗೆ ಎಂಟರ ಬಸ್ಸಿಗೆ ಹಂದನಕೆರೆ ದಾರಿ ಹಿಡಿದೆ. ತೋಟಗಳ ನಡುವೆ ರಾಗಿ ಕೊಯ್ದ ಹೊಲಗಳು ಬೋಳಾಗಿ ಬಿದ್ದಿದ್ದವು. ಗಂಗಾಧರಯ್ಯನವರ ಮನೆ ಸ್ಟಾಪಿನಿಂದ ಅರ್ಧ ಮೈಲಿ. ಅಂಗಳದಲ್ಲಿ ಅವರ ಹೆಂಡತಿ ಶಿವಗಂಗಮ್ಮ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ನನ್ನನ್ನು ಕಂಡು ಎದ್ದರು, ಕೈ ಎಣ್ಣೆಯಾಗಿದ್ದರಿಂದ ಹಿಡಿಯಲೋ ಬೇಡವೋ ಎಂದು ತಡವರಿಸಿ, ಕಡೆಗೆ ಮೊಣಕೈಯಿಂದಲೇ ನನ್ನನ್ನು ತಬ್ಬಿದರು.

"ಬನ್ನಿ ಅಕ್ಕಾ. ಎಷ್ಟು ಸಣ್ಣಗಾಗಿದ್ದೀರಿ."

ಗಂಗಾಧರಯ್ಯ ಪಡಸಾಲೆಯಲ್ಲಿ ಕೂತಿದ್ದವರು ಎದ್ದು ಒಳಗೆ ಹೋಗಿಬಿಟ್ಟರು.

ಮಜ್ಜಿಗೆ ಬಂತು. ಬ್ಯಾಗಿನ ಜಿಪ್ ಎರಡು ಸಲ ಎಳೆದೆ, ಎರಡು ಸಲವೂ ಮುಚ್ಚಿದೆ. ಎದುರಿಗೆ ಆ ಹೆಂಗಸು. ಬಾಗಿಲಿನ ಕೀಲಿಗೆ, ಒನಕೆಗೆ, ಮಗುವಿನ ತಲೆಗೆ, ಗಾಣದಿಂದ ಬಂದ ಒಳ್ಳೆಯ ಎಣ್ಣೆ ಸವರುವುದೇ ಪ್ರೀತಿ ಎಂದು ತಿಳಿದವರು. ಕಾರು ಒಣಗೀತು ಎಂದು ಅದಕ್ಕೂ ಸವರಿದ್ದರು. ಇವರ ಮೇಲೆ ಕಾಗದ ಎಸೆದು ನಾನು ಗೆಲ್ಲಬೇಕಾದ್ದಾದರೂ ಏನು ಎಂದು ಕೂತೆ.

ಮಧ್ಯಾಹ್ನ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಗಂಗಾಧರಯ್ಯ ತಲೆ ತಗ್ಗಿಸಿಕೊಂಡೇ ಬಂದು ಕೂತರು. ಮುದ್ದೆ ಮುರಿದವರು ಬಾಯಿಗಿಡಲಿಲ್ಲ.

"ಅತ್ತಿಗೆ, ನೀವು ಯಾಕೆ ಬಂದ್ರಿ ಅಂತ ನಂಗೆ ಗೊತ್ತು. ಇಲಿ ವಿಷ್ಯ ತಾನೆ?"

"ನಿಮಗೆ ಯಾರು ಹೇಳಿದರು?" ಎಂದೆ.

"ಮದ್ವೆ ಆದ ಮೂರೇ ದಿನಕ್ಕೆ ನಾನೇ ಇವರಿಗೆ ಹೇಳ್ದೆ ಅಕ್ಕಾ" ಎಂದರು ಶಿವಗಂಗಮ್ಮ, ಸಾರಿನ ಸೌಟು ಹಿಡಿದು ನಿಂತಲ್ಲಿಂದಲೇ. "ಹೊಟ್ಟೇಲಿ ಇಟ್ಕಳಾಕೆ ಆಗ್ಲಿಲ್ಲ."

"ಮೂರು ದಿನಕ್ಕೇ?" ನನ್ನ ದನಿ ಏರಿತು. "ಹಾಗಾದರೆ ಹದಿನಾಲ್ಕು ವರ್ಷ?"

"ಬೀಗರ ಮುಂದೆ ಬೈದಿದ್ದೆ" ಎಂದರು ಗಂಗಾಧರಯ್ಯ. "ಮಾರ್ನೇ ದಿನ ಮಂಡಿಯಲ್ಲೂ ಬೈದಿದ್ದೆ. ಆಮೇಲೆ ಎಣ್ಣೆ ಅಂತೆ, ಇಲಿ ಅಂತೆ ಅಂದ್ರೆ ಜನ ನಗಲ್ವಾ? ಇವತ್ತು ಹೇಳಾನ, ನಾಳೆ ಹೇಳಾನ ಅಂತಾ ಆಗೋಯ್ತು. ಅವನು ಹೋದ ಸುದ್ದಿ ಬಂದಾಗ ಬಸ್‌ಸ್ಟಾಂಡಿನ ತಂಕ ಬಂದೆ. ನಿಮ್ಗೆ ತೋರ್ಸೋಕೆ ಮುಖ ಇರ್ಲಿಲ್ಲ. ತಪ್ಪಾಯ್ತು ಅತ್ತಿಗೆ."

ಕಾನ್ವೆಂಟಿನಲ್ಲಿ ನಮಗೆ ಸಾರಿ ಎಂದವರಿಗೆ ಇಟ್ಸ್ ಆಲ್ ರೈಟ್ ಎನ್ನಬೇಕೆಂದು ಕಲಿಸಿದ್ದರು. ನಾನು ಹಾಗನ್ನಲಿಲ್ಲ.

"ನನ್ನೆದುರು ಹೇಳಿದರೆ ಸಾಲದು ಗಂಗಾಧರಯ್ಯನವರೆ. ಬೈದದ್ದು ಊರ ಮುಂದೆ. ವಾಪಸ್ ತಗೊಳ್ಳೋದೂ ಊರ ಮುಂದೆಯೇ ಆಗಬೇಕು."

ಅವರು ಊಟ ಮುಗಿಸಿ, ಕೈ ತೊಳೆದು, ಗೂಟದಿಂದ ಕಾರಿನ ಕೀ ತೆಗೆದರು. "ನಾಲ್ಕರ ಬಸ್ಸಿಗೆ ಬುಟ್ಟು ಬತ್ತೀನಿ, ಬನ್ನಿ."

ಕಾರು ಈಗ ಕೊಬ್ಬರಿ ಅಟ್ಟದಿಂದ ದೂರ, ತಗಡಿನ ಶೆಡ್ಡಿನಲ್ಲಿತ್ತು. ಕಡು ಹಸಿರು ಬಣ್ಣ. ನಾನು ಮುಂದೆ ಕೂತೆ, ಶಿವಗಂಗಮ್ಮ ಹಿಂದೆ. ತೋಟದ ದಾರಿ ಮುಗಿಯುವವರೆಗೆ ಟಾಪು ಹಾಕಿಯೇ ಇಟ್ಟರು. "ಕಾಯಿ ಬಿದ್ರೆ ಕಂಪನಿಯೋರು ಏನು ಮಾಡಾಕಾಯ್ತದೆ?" ಎಂದರು. ಬಯಲಿಗೆ ಬಂದು ಗುಂಡಿ ಒತ್ತಿದಾಗ ಟಾಪು ಚಾಪೆ ಸುತ್ತಿಕೊಂಡಂತೆ ಹಿಂದಕ್ಕೆ ಹೋಯಿತು, ಒಂದು ಕಿರ್ ಎನ್ನದೆ. ತಣ್ಣನೆ ಗಾಳಿ, ಮೇಲೆ ಆಕಾಶ. ಪ್ರಭಾಕರ ಎಷ್ಟೋ ಜನರನ್ನು ಹೀಗೆ ಕೂರಿಸಿ ಟ್ರಯಲ್ ತೋರಿಸಿದ್ದರು. ನನ್ನನ್ನು ಒಂದು ದಿನವೂ ಕೂರಿಸಿರಲಿಲ್ಲ, ಕಂಪನಿಯ ಕಾರು ಸ್ವಂತಕ್ಕೆ ಬಳಸಬಾರದು ಎಂದು.

ಸ್ಟಾಪಿನ ಟೀ ಅಂಗಡಿಯ ಮುಂದೆ ಆರೇಳು ಜನ ಇದ್ದರು. ಗಂಗಾಧರಯ್ಯ ಇಂಜಿನ್ ಆರಿಸದೆಯೇ ಎದ್ದು ನಿಂತರು.

"ಒಂದು ಮಾತು ಕೇಳ್ರಪ್ಪಾ. ಮದ್ವೇಲಿ ಈ ಕಾರು ಕೆಟ್ಟಿದ್ದು ಕಂಪನಿ ತಪ್ಪಲ್ಲ. ಇಲಿ ವೈರು ತಿಂದಿದ್ವು."

ಟೀ ಅಂಗಡಿಯವನು ಸೋಸುವುದನ್ನು ನಿಲ್ಲಿಸಿದ. ಬೆಂಚಿನ ಮೇಲಿದ್ದ ಮುದುಕನೊಬ್ಬ ನಕ್ಕ. "ಬುಡೋ ಗಂಗಾದ್ರಾ, ಕಂಪನಿಯೋರು ಈಗ ಏನು ಕೊಟ್ರು ನಿಂಗೆ? ಈ ಅಮ್ನೋರು ಕಂಪನಿ ಕಡೆಯೋರಾ?"

"ದೇವ್ರಾಣೆ ಕಣಣ್ಣ. ಇಲಿ ಬಂದಿದ್ದು ನನ್ನಿಂದ. ನಾನೇ ಟಾಪಿಗೆ ಕೊಬ್ರಿ ಎಣ್ಣೆ ಸವರಿದ್ದೆ."

ಹಿಂದಿನ ಸೀಟಿನಲ್ಲಿ ಸೀರೆ ಸರಿಯಿತು. ಶಿವಗಂಗಮ್ಮ ಎದ್ದು ನಿಂತಿದ್ದರು, ಮುಂದಿನ ಸೀಟಿನ ಬೆನ್ನು ಹಿಡಿದು.

"ಸುಳ್ಳು ಕಣ್ರಪ್ಪಾ! ಸವರಿದ್ದು ನಾನು. ಒಂದು ವಾರ ಕೂತು ಸವರಿದ್ದೆ. ಈಯಕ್ಕನ ಯಜಮಾನ್ರು ನನ್ನ ಉಳ್ಸಾಕೆ ಒಂದು ಸುಳ್ಳು ಹೇಳಿದ್ರು, ಈಗ ಇವ್ರು ಇನ್ನೊಂದು ಹೇಳ್ತಾವ್ರೆ. ನಾನೇನು ಬಾಯಿಲ್ದೋಳಾ?"

ಯಾರೂ ನಗಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನಾನು ಇಳಿದೆ. ಮುದುಕ ಬೆಂಚಿನಿಂದ ಎದ್ದು ಹತ್ತಿರ ಬಂದ.

"ಅಲ್ಲಾ, ಇಷ್ಟು ವರ್ಷದಿಂದ ಬೆಂಗಳೂರು ಮ್ಯಾನೇಜರ್ರು, ಮ್ಯಾನೇಜರ್ರು ಅಂತ ಬೈಯ್ತಾನೇ ಇದ್ವಿ. ಆವಯ್ಯನ ಹೆಸ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಗಂಗಾಧರಯ್ಯ ಹೇಳಿದರು. "ಪ್ರಭಾಕರ. ನನ್ನ ಸ್ನೇಹಿತ."

ಬಸ್ಸು ಹತ್ತಿದೆ. ಹಿಂದಿನ ಸೀಟು ಸಿಕ್ಕಿತು. ತಿರುಗಿ ನೋಡಿದಾಗ ಟೀ ಅಂಗಡಿಯವರೆಲ್ಲ ಕಾರನ್ನು ಮುತ್ತಿದ್ದರು. ಒಬ್ಬ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದ. ಮುದುಕ ಮಡಿಸಿದ ಟಾಪಿನ ಬಟ್ಟೆಗೆ ಮೂಗು ಹಚ್ಚಿ ಮೂಸಿ ನೋಡುತ್ತಿದ್ದ. ಸೀಟಿನಲ್ಲಿ ಇನ್ನೂ ನಿಂತೇ ಇದ್ದ ಶಿವಗಂಗಮ್ಮ ಕೈ ಬೀಸಿ ಅವನಿಗೆ ಏನೋ ವಿವರಿಸುತ್ತಿದ್ದರು.