ಮುದ್ದೆ ಉಂಡ ಮೀನು

ಹೊನ್ನಾಳಿ, ಹೊಳೆದಂಡೆ. ಮಳೆ ಹಿಡಿದು ಕೆಂಪು ನೀರು ಬಂದರೆ ಈ ವರ್ಷದ ಗಾಳ ಮುಗಿದಂತೆ. ಅದಕ್ಕೇ ಇವತ್ತು ದಾವಣಗೆರೆಯಿಂದ ಮೊದಲ ಬಸ್ಸಿಗೇ ಬಂದೆ. ಗೆಳೆಯ ರಫೀಕ್ ಟ್ರಾನ್ಸಿಸ್ಟರ್ ಜೊತೆಗೆ ಅರೆದ ಮಸಾಲೆಯನ್ನೂ ತಂದಿದ್ದ. ಇನ್ನೊಬ್ಬ ಗೆಳೆಯ ರುದ್ರಣ್ಣ ಮೀನು ತಿನ್ನದವನು, ಬರೀ ಮೋಜಿಗೆ ಬರುವವನು. ಎರೆಹುಳು ಮುಟ್ಟಲಾರದೆ ಬುತ್ತಿಯ ರಾಗಿಮುದ್ದೆಯನ್ನೇ ಚೂರು ಮಾಡಿ ಗಾಳಕ್ಕೆ ಸಿಕ್ಕಿಸಿದ.

ಮಧ್ಯಾಹ್ನವಾದರೂ ನಮ್ಮ ಹುಳುಗಳನ್ನು ಯಾವ ಮೀನೂ ಮೂಸಲಿಲ್ಲ. ಅವನ ಗಾಳಕ್ಕೆ ಮೊಳದುದ್ದದ್ದು ಬಿತ್ತು! ರಫೀಕ್ ಚಾಕು ತೆಗೆದ.

"ತಡಿಯಪ್ಪ," ರುದ್ರಣ್ಣ ಅಡ್ಡ ಬಂದ. "ಇದು ನಮ್ಮನೆ ಮುದ್ದೆ ಉಂಡೈತೆ. ಉಣ್ಣಾಕೆ ಕರೆದು ಕುತ್ತಿಗೆ ಕುಯ್ಯೋದು ಹೆಂಗೋ?"

ಮೀನು ಹೊಳೆಗೆ ಹೋಯಿತು. ರಫೀಕ್ ಗೊಣಗುತ್ತಲೇ ಮಸಾಲೆಗೆ ನೀರು ಹಾಕಿ ಕುದಿಸಿದ. ಉಳಿದ ಮುದ್ದೆ ಮುರಿದು ಕೂತೆವು. ಎರಡನೇ ಸಲ ತಟ್ಟೆ ಚಾಚಿದವನು ರುದ್ರಣ್ಣ:

"ಮೀನ್ ಸಾರು ಭಾಳ ಚೆನ್ನಾಗೈತಲ್ಲೋ!"