ಒಣಮೀನಿನ ಮೇಲೆ ಹೊರಿಸಿದ ದೂರು

ಮೊದಲು ಊದಿದ್ದು ಕಾಲು. ಆಮೇಲೆ ಮುಖ. ಕೈಯ ಬಳೆ ಕಳಚಲು ಬರಲಿಲ್ಲ. ಆಗ ನನಗೆ ಹದಿನೇಳು ವರ್ಷ, ಏಳು ತಿಂಗಳ ಬಸುರಿ.

ಮೀನುಗಾರರ ಊರಾದ ನಮ್ಮ ಕೋಡಿಯಲ್ಲಿ ಮಳೆಗಾಲಕ್ಕೆ ಬೋಟು ದಡ ಸೇರಿದ ಮೇಲೆ, ಆಷಾಢ ಬರುವ ಮೊದಲು, ಸಿಕ್ಕಿದ ನಾಲ್ಕು ದಿನದಲ್ಲಿ ಮದುವೆ ಮುಗಿಸುವ ಅವಸರ. ಗಂಡಸರೆಲ್ಲ ಮನೆಯಲ್ಲಿ ಸಿಗುವುದೇ ಆಗ. ಆ ಅವಸರದಲ್ಲಿ ನನ್ನ ಪಿಯುಸಿ ಅರ್ಧಕ್ಕೆ ನಿಂತಿತು.

ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎಂದಾಗ ಅಮ್ಮ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕಾಲು ನೋಡಿದರು. ಊರು ಕೇಳಿದರು. ನಕ್ಕರು.

"ಒಣಮೀನು ಜಾಸ್ತಿ ತಿಂತೀರಲ್ಲ ನೀವೆಲ್ಲ. ಉಪ್ಪಿಗೆ ಬಾವು ಬಂದಿದೆ. ಬಿಟ್ಟರೆ ಸರಿಯಾಗುತ್ತೆ."

"ಅವ್ಳ್ ಒಣಮೀನ್ ಮುಟ್ಟುದೇ ಇಲ್ಲೆ ಡಾಕ್ಟ್ರೆ. ವಾಸ್ನಿ ಬಂದ್ರೇ ವಾಂತಿ," ಅಂದಳು ಅಮ್ಮ.

ಬಿಪಿ ನೋಡುವ ಪಟ್ಟಿ ಅವರ ಮೇಜಿನ ಮೇಲೆಯೇ ಇತ್ತು. ನನ್ನ ಕೈಗೆ ಸುತ್ತಲಿಲ್ಲ.

ಎರಡು ದಿನ ಬಿಟ್ಟು ಫಿಟ್ಸ್ ಬಂತು. ನನಗೆ ನೆನಪಿರುವುದು ಅಮ್ಮನ ಬೊಬ್ಬೆ ಮಾತ್ರ. ದೊಡ್ಡ ಆಸ್ಪತ್ರೆಗೆ ಸಾಗಿಸಿ ಆಪರೇಷನ್ ಮಾಡಿದರಂತೆ.

ಮಗು ಉಳಿಯಲಿಲ್ಲ.

ವಾರ್ಡಿನಲ್ಲಿ ಪಕ್ಕದ ಬೆಡ್ಡಿನವಳು ಹಟ್ಟಿಯಂಗಡಿ ಕಡೆಯ ಹುಡುಗಿ. ನನ್ನದೇ ಪ್ರಾಯ, ಅವಳಿಗೂ ಬೇಗ ಮದುವೆ, ಅವಳ ಕಾಲೂ ಹಾಗೆಯೇ ಊದಿತ್ತು. ಅವಳು ಹೋಗಿದ್ದೂ ಅದೇ ಡಾಕ್ಟರ ಹತ್ತಿರ. ಮೀನು ಹೊಸಿಲು ದಾಟದ ಮನೆಯವಳ ಮೇಲೆ ಒಣಮೀನಿನ ದೂರು ಹೊರಿಸಲು ಬರುವುದಿಲ್ಲವಲ್ಲ, ಹಾಗಾಗಿ ಬಿಪಿ ನೋಡಿದರು. ಕೂಡಲೇ ಇಲ್ಲಿಗೆ ಕಳಿಸಿದರು. ಅವಳ ಮಗು ಅವಳ ಮಗ್ಗುಲಲ್ಲೇ ಮಲಗಿತ್ತು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

"ಬಸಿರಲ್ಲಿ ಬಿಪಿ ಏರುವ ಇದಕ್ಕೆ ಪ್ರಿಎಕ್ಲಾಂಪ್ಸಿಯಾ ಅಂತಾರೆ," ಎಂದರು ವಾರ್ಡಿನ ಡಾಕ್ಟರ್ ಮೇಡಂ. "ಸಣ್ಣ ಪ್ರಾಯ, ಮೊದಲ ಬಸಿರು. ನಿಮ್ಮಿಬ್ಬರಿಗೂ ಇದ್ದ ಅಪಾಯ ಒಂದೇ."

ಅಪಾಯ ಒಂದೇ ಆಗಿತ್ತು. ನೋಡಿದ ಕಣ್ಣು ಬೇರೆ. ಸಣ್ಣ ಪ್ರಾಯದಲ್ಲಿ ಮದುವೆ ಮಾಡಿದ್ದು ನಮ್ಮವರ ತಪ್ಪು, ಒಪ್ಪಿದೆ. ಬಿಪಿ ನೋಡದೆ ವಾಪಸು ಕಳಿಸಿದ್ದು ಯಾವ ಜಾತಿಯ ಪದ್ಧತಿ?

ಈಗ ಗಂಡನ ಮನೆಯಲ್ಲಿದ್ದೇನೆ. ಮಾತ್ರೆ ನಡೆಯುತ್ತಿದೆ. ಕಣ್ಣು ಸರಿಯಾಗಿ ಕಾಣುತ್ತದೆ, ಅಷ್ಟಾದರೂ ಉಳಿಯಿತು. ಮೊನ್ನೆ ಅತ್ತೆ ಗಂಜಿ ಬಡಿಸುತ್ತಾ, "ಬೇಜಾರ್ ಮಾಡ್ಬೇಡ. ಬಪ್ಪ ವರ್ಷ ಇನ್ನೊಂದ್ ಆತ್ತ್," ಅಂದರು.

ನನ್ನ ಗಂಡ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಅದ್ ಅವ್ಳ್ ಹತ್ರ ಕೇಣ್ಕ್ ಅಮ್ಮ," ಅಂದ.

ಒಳ್ಳೆಯ ಮಾತೇ. ಅವನ ಋಣ ನನ್ನ ಮೇಲಿದೆ. ಆದರೆ ನನ್ನನ್ನೂ ಕೇಳಬೇಕು ಎಂದು ಈ ಮನೆಯಲ್ಲಿ ಒಬ್ಬರಿಗೆ ಹೊಳೆಯಲು ಒಂದು ಮಗು ಸಾಯಬೇಕಾಯಿತು.